ಜರ್ಮನ್ ಗಲ್ಲಿಯ ಕಿಟಕಿಗಳು

ದಮ್ಮಾಮಿನಲ್ಲಿ ಇಳಿದದ್ದು

ನನ್ನ ಕೈಚೀಲದಲ್ಲಿ ಮರಳಿ ಬರುವ ಎರಡು ಟಿಕೆಟ್ ಇದ್ದವು. ಒಂದು ನನ್ನದು, ಇನ್ನೊಂದು ಭಾವನದು. ಭಾವನಿಗೆ ಇದು ಗೊತ್ತಿರಲಿಲ್ಲ.

ಟಿಕೆಟ್ ತೆಗೆದವಳು ಅವರ ಮಗಳು ಅಶ್ವಿನಿ. ನನ್ನ ಅಕ್ಕ ಸುಲೋಚನಾ ತೀರಿಹೋಗಿ ಆಗ ಒಂದು ವರ್ಷ. ಕೊನೆಯ ಎರಡು ತಿಂಗಳು ಅಕ್ಕ ಮಂಗಳೂರಿನಲ್ಲಿ ಅಶ್ವಿನಿಯ ಫ್ಲ್ಯಾಟಿನಲ್ಲೇ ಇದ್ದಳು, ಭಾವನೂ ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಕೂತಿದ್ದರು. ಅಕ್ಕ ಹೋದಳು, ಉತ್ತರಕ್ರಿಯೆಯ ಬೊಜ್ಜ ಮುಗಿಯಿತು, ಬಾಳೆಲೆ ಎತ್ತಿದ ಮೂರನೇ ದಿನಕ್ಕೆ ಭಾವ ಸೌದಿಯ ವಿಮಾನ ಹತ್ತಿಬಿಟ್ಟರು. ಅರವತ್ತಮೂರು ವರ್ಷದ ಮನುಷ್ಯ, ಅಲ್ಲಿ ತಮ್ಮ ಟೈಲರ್ ಅಂಗಡಿಯ ಮಾಳಿಗೆಯಲ್ಲಿ ಒಬ್ಬರೇ. ಅಶ್ವಿನಿಗೆ ಊಟ ಇಳಿಯುತ್ತಿರಲಿಲ್ಲ.

"ಚಿಕ್ಕಮ್ಮ, ನನ್ನ ಮಾತು ಅಪ್ಪ ಕೇಳುದಿಲ್ಲ. ನಿಮಗೆ ಸ್ವಲ್ಪ ಹೆದರ್ತಾರೆ. ನೀವೇ ಹೋಗಿ ಕರ್ಕೊಂಡು ಬನ್ನಿ" ಎಂದಳು.

ಹೆದರುವುದು ನಿಜ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಮದುವೆಯಾಗಲಿಲ್ಲ. ಅದಕ್ಕೂ ಗಣಿತಕ್ಕೂ ಸಂಬಂಧ ಉಂಟು ಎಂದು ಅಕ್ಕ ಯಾವಾಗಲೂ ತಮಾಷೆ ಮಾಡುತ್ತಿದ್ದಳು. ಒಂದು ಕೆಲಸ ಕೈಗೆ ತೆಗೆದುಕೊಂಡರೆ ಮುಗಿಸದೆ ಬಿಡುವವಳಲ್ಲ ಎಂಬ ಹೆಸರು ನನಗಿತ್ತು, ಆ ಹೆಸರಿನ ಜಂಬವೂ ಇತ್ತು.

ಹೊರಡುವ ಮೊದಲು ಉಪದೇಶ ಮಾಡದವರಿಲ್ಲ. ತಲೆ ಮುಚ್ಚಿಕೊಳ್ಳಿ, ಗಂಡಸರ ಮುಖ ನೋಡಬೇಡಿ, ಮುಖ್ಯವಾಗಿ ಕಿಟಕಿಯಲ್ಲಿ ನಿಲ್ಲಬೇಡಿ. ಹೇಳಿದವರೆಲ್ಲ ಇಪ್ಪತ್ತು ವರ್ಷದ ಹಿಂದೆ ಸೌದಿ ಬಿಟ್ಟು ಬಂದವರು. ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ನನ್ನ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ್ದು ಒಬ್ಬ ಹುಡುಗಿ. ಆಮೇಲೆ ನನ್ನ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ಹಲಸಿನ ಹಪ್ಪಳದ ಕಟ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಿದ. ನಾನು ಎಣ್ಣೆಯಲ್ಲಿ ಕರಿಯುವುದನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದೆ. ಅವನು ಗಂಭೀರವಾಗಿ ಪೂರ್ತಿ ನೋಡಿ, "ಪಾಪಡ್? ಯಲ್ಲಾ, ಯಲ್ಲಾ" ಎಂದು ಕಳಿಸಿದ. ಮೊದಲೇ ಗೊತ್ತಿದ್ದರೆ ಅಷ್ಟು ಅಭಿನಯ ಬೇಕಿರಲಿಲ್ಲ.

ಹೊರಗೆ ಭಾವ ನಿಂತಿದ್ದರು. ಇನ್ನಷ್ಟು ಬಡಕಲಾಗಿದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರು. ಅಕ್ಕ ಇದ್ದಿದ್ದರೆ ತೆಗೆಸುತ್ತಿದ್ದಳು.

"ಬಂದದ್ದಾ ಜಯಾ?" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಹೆಂಚಿನ ಮಾಡುಗಳು

ದಮ್ಮಾಮಿನಿಂದ ಪಕ್ಕದ ಊರಾದ ಖತೀಫಿನ ಕಡೆಗೆ ಹೋಗುವಾಗ ಖರ್ಜೂರದ ತೋಟಗಳು ಸಿಗುತ್ತವೆ. ಅವು ಮುಗಿಯುವಲ್ಲಿ, ಒಂದು ಬದಿಗೆ ಬಯಲು ಇನ್ನೊಂದು ಬದಿಗೆ ಸಿಮೆಂಟಿನ ಗೋದಾಮುಗಳಿರುವ ಜಾಗದಲ್ಲಿ, ಇದ್ದಕ್ಕಿದ್ದಂತೆ ಜರ್ಮನಿ ಕಾಣುತ್ತದೆ. ಚೂಪು ಮಾಡಿನ ಮನೆಗಳ ಎರಡು ಸಾಲು, ಬಿಳಿ ಗೋಡೆಗೆ ಅಡ್ಡಡ್ಡ ಕಪ್ಪು ತೊಲೆಗಳು, ನಡುವೆ ಕಲ್ಲು ಹಾಸಿದ ಓಣಿ, ತುದಿಯಲ್ಲಿ ಗಂಟೆ ಬಾರಿಸುವ ಗೊಂಬೆಯಿರುವ ಗಡಿಯಾರದ ಗೋಪುರ. ಹತ್ತಿರ ಹೋಗಿ ಬಡಿದು ನೋಡಿದೆ, ತೊಲೆಗಳು ಮರದ್ದಲ್ಲ, ಬಣ್ಣ ಬಳಿದ ಸಿಮೆಂಟು. ಮಾಡಿನ ಅಂಚಿಗೆ ಹಿಮ ಜಾರಿ ಬೀಳದಂತೆ ಕಬ್ಬಿಣದ ತಡೆ ಕೂಡ ಇತ್ತು. ಮಳೆಯೇ ಅಪರೂಪವಾದ ಊರಿನಲ್ಲಿ ಹಿಮಕ್ಕೆ ತಡೆ.

ಇದನ್ನು ಕಟ್ಟಿಸಿದವರು ಒಬ್ಬ ಸೌದಿ ಯಜಮಾನರು. ಹರೆಯದಲ್ಲಿ ಓದಲಿಕ್ಕೆ ಜರ್ಮನಿಗೆ ಹೋಗಿದ್ದಾಗ ಒಂದು ಬ್ರೆಡ್ಡಿನ ಅಂಗಡಿಯ ಮೇಲೆ ಬಾಡಿಗೆಗೆ ಇದ್ದರಂತೆ. ಕೆಳಗೆ ಅಂಗಡಿ, ಮೇಲೆ ಅಂಗಡಿಯವನ ಸಂಸಾರ, ಅದರ ಮೇಲೆ ಇವರು. ಆ ಓಣಿಯನ್ನು ಮರೆಯಲಾಗದೆ, ಕೈಯಲ್ಲಿ ನಾಲ್ಕು ಕಾಸು ಆದಮೇಲೆ ಅದನ್ನೇ ಇಲ್ಲಿ ಕಟ್ಟಿಸಿದರು. ಅಂಗಡಿ ಹಿಡಿದವರು ಅದರ ಮೇಲೆಯೇ ವಾಸ ಮಾಡಬೇಕು, ಇದೊಂದು ಅವರ ಕಟ್ಟುನಿಟ್ಟು. ಅತ್ತರು, ಸಿಹಿತಿಂಡಿ, ಆಟಿಕೆ, ಗಡಿಯಾರ ರಿಪೇರಿ, ಎಲ್ಲ ಸೇರಿ ಇಪ್ಪತ್ತೆರಡು ಅಂಗಡಿ, ಇಪ್ಪತ್ತೆರಡು ಮಾಳಿಗೆ. ನಮ್ಮ ಕಡೆಯವರು ಇದಕ್ಕೆ ಜರ್ಮನ್ ಗಲ್ಲಿ ಎನ್ನುತ್ತಾರೆ.

ನನಗೆ ಮಾತ್ರ ಆ ಕೆಂಪು ಮಾಡು ನೋಡಿ ನಗು ಬಂತು. ನಮ್ಮೂರಿಗೆ ಹೆಂಚು ಸುಡಲು ಕಲಿಸಿದವರೇ ಬ್ರಿಟಿಷರ ಕಾಲದ ಜರ್ಮನ್ ಪಾದ್ರಿಗಳು. ನಾವು ಅದಕ್ಕೆ ಮಂಗಳೂರು ಹೆಂಚು ಎಂದು ಹೆಸರಿಟ್ಟು ನಮ್ಮದೇ ಮಾಡಿಕೊಂಡೆವು.

"ಭಾವ, ಇದು ಎಂತ ಜರ್ಮನಿ? ನಮ್ಮ ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಗಲ್ಲಿಯ ಹಾಗೆಯೇ ಉಂಟಲ್ಲ" ಎಂದೆ.

"ನಿನ್ನ ಅಕ್ಕನೂ ಬಂದ ದಿನ ಇದನ್ನೇ ಹೇಳಿದ್ದು" ಎಂದರು ಭಾವ.

ಎಲ್ಲ ಕಿಟಕಿಗಳ ಕೆಳಗೆ ಹೂವಿನ ಪೆಟ್ಟಿಗೆಗಳು. ಕೆಂಪು ಹೂವು, ಪ್ಲಾಸ್ಟಿಕ್ಕಿನವು, ಬಿಸಿಲಿಗೆ ಬಿಳಿಚಿಕೊಂಡಿದ್ದವು. ಭಾವನ ಕಿಟಕಿಯ ಪೆಟ್ಟಿಗೆಯಲ್ಲಿ ಮಾತ್ರ ಹಸಿರು ಕಂಡಿತು. ನೋಡಿದರೆ ಬಸಳೆ. ಕೆಂಪು ದಂಟಿನ, ದಪ್ಪ ಎಲೆಯ ನಮ್ಮ ಬಸಳೆ ಪೆಟ್ಟಿಗೆಯಿಂದ ಎದ್ದು, ಜರ್ಮನಿಯ ತೊಲೆಗಳನ್ನು ಹಿಡಿದು, ಹೆಂಚಿನವರೆಗೆ ಹಬ್ಬಿತ್ತು. ಅಕ್ಕ ನೆಟ್ಟದ್ದು.

ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆ ಮನೆ. ಅಕ್ಕನ ಕನ್ನಡಕ ಇನ್ನೂ ಕಪಾಟಿನ ಮೇಲೆಯೇ ಇತ್ತು. ಭಾವ ನನಗೆ ಕೋಣೆ ಬಿಟ್ಟುಕೊಟ್ಟು, ತಾವು ಕೆಳಗೆ ಅಂಗಡಿಯಲ್ಲಿ ಹಾಸಿಕೊಂಡರು. ಇಳಿಯುವಾಗ ಮೆಟ್ಟಿಲಲ್ಲಿ ನಿಂತು ಹೇಳಿದರು:

"ನಾಳೆ ನಾನು ಬೆಳ್ಳಂಬೆಳಿಗ್ಗೆ ಖತೀಫಿಗೆ ಹೋಗ್ತೇನೆ, ಸಿಗಡಿ ತರ್ಲಿಕ್ಕೆ. ಎಂಟು ಗಂಟೆಗೆ ಕಿಟಕಿ ತೆರಿಬೇಕು. ಮರಿಬೇಡ."

ಬಸಳೆಗೆ ನೀರು ಹಾಕಲಿಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ. ಆಯ್ತು ಎಂದೆ.

ಎರಡನೆಯ ದಿನ, ಕಿಟಕಿ

ಊರಿನ ಗಡಿಯಾರ ಇನ್ನೂ ಮೈಯೊಳಗೆ ಓಡುತ್ತಿದ್ದುದರಿಂದ ಬೇಗ ಎಚ್ಚರವಾಯಿತು. ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಚಾ ಮಾಡಿಕೊಂಡೆ. ಎಂಟಕ್ಕೆ ಸ್ವಲ್ಪ ಮೊದಲು ಪರದೆಯ ಸಂದಿಯಿಂದ ಹೊರಗೆ ಇಣುಕಿದೆ. ಎದುರಿನ ಮಾಳಿಗೆಯ ಕಿಟಕಿಯಲ್ಲಿ ಬಿಳಿ ಗಡ್ಡದ ಒಬ್ಬ ಗಂಡಸು ಕಾಫಿಯ ಸಣ್ಣ ಲೋಟ ಹಿಡಿದು ನಿಂತಿದ್ದ. ನೆಟ್ಟ ನೋಟದಲ್ಲಿ ನನ್ನ ಕಿಟಕಿಯನ್ನೇ ನೋಡುತ್ತಿದ್ದ.

ಊರಿನ ಉಪದೇಶಗಳೆಲ್ಲ ಒಟ್ಟಿಗೆ ನೆನಪಾದವು. ಪರದೆ ಎಳೆದೆ. ಕಿಟಕಿಯ ಚಿಲಕ ಇನ್ನೊಮ್ಮೆ ಒತ್ತಿ ಹಾಕಿದೆ. ಬಸಳೆ ಒಂದು ದಿನ ನೀರಿಲ್ಲದಿದ್ದರೆ ಸಾಯುವುದಿಲ್ಲ, ಭಾವನ ಮರ್ಯಾದೆ ಮುಖ್ಯ ಎಂದು ನನಗೆ ನಾನೇ ಹೇಳಿಕೊಂಡು ಬಾಗಿಲಿಗೂ ಅಗಳಿ ಹಾಕಿ ಕೂತೆ.

ಗೋಪುರದ ಗಡಿಯಾರ ಎಂಟು ಹೊಡೆಯಿತು. ಓಣಿಯಲ್ಲಿ ಒಂದಾದ ಮೇಲೊಂದು ಕಿಟಕಿ ತೆರೆಯುವ ಸದ್ದು, ಏನೇನೋ ಭಾಷೆಯಲ್ಲಿ ಸಲಾಮುಗಳು. ಆಮೇಲೆ ಎಲ್ಲ ನಿಶ್ಶಬ್ದ. ಅಂಗಡಿಗಳ ಶಟರ್ ಎತ್ತುವ ಸದ್ದು ಬರಬೇಕಿತ್ತು, ಬರಲಿಲ್ಲ. ಹತ್ತು ನಿಮಿಷವಾಯಿತು. ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು. ಒಂದಲ್ಲ, ತುಂಬ ಹೆಜ್ಜೆ. ಯಾರೋ ಬಾಗಿಲನ್ನು ದಬದಬ ಬಡಿದರು.

ಮೂಲೆಯಲ್ಲಿ ಭಾವನ ಗಜಕೋಲು ಇತ್ತು, ಬಟ್ಟೆ ಅಳೆಯುವ ಮರದ ಪಟ್ಟಿ. ಅದನ್ನು ಹಿಡಿದುಕೊಂಡೆ. ಕೈಯಲ್ಲಿ ಕೋಲು ಬಂದ ಕೂಡಲೇ ಹಳೆಯ ಧೈರ್ಯವೂ ಬಂತು.

"ಯಾರದು?" ಎಂದು ಎಂಟನೇ ತರಗತಿಯ ಮಕ್ಕಳನ್ನು ಗದರಿಸುವ ಸ್ವರದಲ್ಲಿ ಕೇಳಿದೆ.

ಹೊರಗೆ ಗುಸುಗುಸು. ಆಮೇಲೆ ಏದುಸಿರು ಬಿಡುತ್ತಾ ಒಂದು ಗಂಡು ಸ್ವರ, ಕನ್ನಡದಲ್ಲಿ: "ಅಕ್ಕ, ನಾನು ಇಸ್ಮಾಯಿಲ್, ಭಟ್ಕಳದವ. ಅತ್ತರಿನ ಅಂಗಡಿ. ಬದುಕಿದ್ದೀರಲ್ಲ? ಹಾಗಾದ್ರೆ ಕಿಟಕಿ ಒಂದು ತೆರೀರಿ, ನಮ್ಗೆ ಅಷ್ಟೇ ಸಾಕು."

ಅದರ ಹಿಂದೆಯೇ ಒಂದು ಹೆಣ್ಣು ಸ್ವರ: "ನೀವು ಸುಮ್ನಿರಿ. ಬದುಕಿದ್ದೀರಾ ಅಂತ ಯಾರಾದ್ರೂ ಕೇಳ್ತಾರಾ? ಅಕ್ಕ, ನಾನು ಖೈರುನ್ನಿಸಾ, ಇವರ ಹೆಂಡತಿ. ಹೆದರ್ಬೇಡಿ, ಬಾಗಿಲು ತೆಗೀರಿ."

ತೆಗೆದೆ. ಮೆಟ್ಟಿಲ ತುಂಬ ಜನ. ಮುಂದೆ ಇಸ್ಮಾಯಿಲ್ ಮತ್ತು ಖೈರುನ್ನಿಸಾ, ಪಕ್ಕದಲ್ಲಿ ಅದೇ ಬಿಳಿ ಗಡ್ಡದವರು. ಅವರ ಕೈಯಲ್ಲಿ ಕಾಫಿಯ ಲೋಟ ಇನ್ನೂ ಇತ್ತು, ಕಾಫಿ ಅಂಗಿಯ ಮೇಲೆ ಚೆಲ್ಲಿತ್ತು. ನನ್ನನ್ನೂ ಗಜಕೋಲನ್ನೂ ನೋಡಿ ಅವರು ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ "ಅಲ್‌ಹಮ್ದುಲಿಲ್ಲಾಹ್" ಎಂದರು. ಕಣ್ಣಲ್ಲಿ ನೀರಿತ್ತು. ಕಿಟಕಿಯ ಕಡೆ ತೋರಿಸಿ ಅಪ್ಪಣೆ ಕೇಳಿದರು. ನಾನು ತಲೆಯಾಡಿಸಿದೆ. ಅವರು ಚಪ್ಪಲಿ ಕಳಚಿ ಒಳಗೆ ಬಂದು, ಚಿಲಕ ತೆಗೆದು, ಎರಡೂ ಬಾಗಿಲು ಹೊರಗೆ ತಳ್ಳಿ, ಕೆಳಗಿನವರಿಗೆ ಕೈ ಬೀಸಿದರು.

ಆಗ ಶಟರ್‌ಗಳು ಎದ್ದವು. ಇಪ್ಪತ್ತಕ್ಕೂ ಹೆಚ್ಚು ಶಟರ್, ಒಟ್ಟಿಗೆ.

ಚಾ ಮಾಡಿಕೊಟ್ಟೆ, ಬೇರೇನು ಮಾಡುವುದು. ಕುಡಿಯುತ್ತಾ ಖೈರುನ್ನಿಸಾ ವಿಷಯ ಹೇಳಿದಳು. ಬೆಳಿಗ್ಗೆ ಎಂಟಕ್ಕೆ ಎಲ್ಲ ಮಾಳಿಗೆಯ ಕಿಟಕಿ ತೆರೆಯಬೇಕು. ಒಂದು ಮುಚ್ಚಿದ್ದರೂ ಯಾರೂ ಅಂಗಡಿ ತೆರೆಯುವುದಿಲ್ಲ, ಮೊದಲು ಆ ಮನೆಗೆ ಹೋಗಿ ನೋಡುತ್ತಾರೆ. ಬಿಳಿ ಗಡ್ಡದವರು ಸಿರಿಯಾದ ಅಬು ಸಾಮಿ, ಸಿಹಿತಿಂಡಿಯ ಅಂಗಡಿ. ಭಾವನ ಕಿಟಕಿ ನೋಡುವುದು ಅವರ ಪಾಲು, ಅವರ ಕಿಟಕಿ ನೋಡುವುದು ಭಾವನ ಪಾಲು.

"ಇದು ಯಜಮಾನರ ರೂಲ್ಸಾ?" ಎಂದು ಕೇಳಿದೆ.

"ಅಲ್ಲಕ್ಕ. ಇದು ಸುಲೋಚನಕ್ಕನಿಂದ ಆದದ್ದು. ನಿಮ್ಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಗಲ್ಲಿಯಲ್ಲಿ ಎಲ್ಲರಿಗಿಂತ ಮೊದಲು ಕಿಟಕಿ ತೆರೆಯುತ್ತಿದ್ದವಳು ಅಕ್ಕ, ಬಸಳೆಗೆ ನೀರು ಹಾಕಲು. ನಾಲ್ಕು ವರ್ಷದ ಹಿಂದೆ ಒಂದು ದಿನ ಭಾವ ಬಟ್ಟೆ ತರಲು ದಮ್ಮಾಮಿಗೆ ಹೋಗಿದ್ದಾಗ ಕಿಟಕಿ ತೆರೆಯಲಿಲ್ಲ. ಅಬು ಸಾಮಿಗೆ ಯಾಕೋ ಸರಿ ಕಾಣಲಿಲ್ಲ. ಬಂದು ಬಾಗಿಲು ಬಡಿದರು, ಅಕ್ಕ ಓಗೊಡಲಿಲ್ಲ, ಇಸ್ಮಾಯಿಲ್ ಬಂದು ಒಡೆದರು. ಅಕ್ಕ ಅಡುಗೆ ಮನೆಯಲ್ಲಿ ಬಿದ್ದಿದ್ದಳು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಲ್ಲ ಎಂದರಂತೆ ಡಾಕ್ಟರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಪಾಳಿ ಹಾಕಿಕೊಂಡು ಕೂತವರು ಈ ಓಣಿಯ ಹೆಂಗಸರು. ಆಮೇಲೆ ಮೂರು ವರ್ಷ ಅಕ್ಕ ಬದುಕಿದಳು.

ಆ ಮೂರು ವರ್ಷ ನಮಗೆ ಸಿಕ್ಕಿದ್ದು ಈ ಗಲ್ಲಿಯಿಂದ ಎಂದು ನನಗೆ ಅವತ್ತು ತಿಳಿಯಿತು. ಅಕ್ಕ ಫೋನಿನಲ್ಲಿ ಹೇಳಿದ್ದು, "ಸಣ್ಣ ತಲೆ ತಿರುಗು, ಈಗ ಎಂತ ಇಲ್ಲ" ಅಂತ ಮಾತ್ರ. ನಾನೂ ಅಷ್ಟಕ್ಕೇ ಬಿಟ್ಟಿದ್ದೆ.

ಟಿಕೆಟ್ ತೋರಿಸಿದ ದಿನ

ನಾಲ್ಕು ದಿನ ಸುಮ್ಮನಿದ್ದೆ. ಕಿಟಕಿ ಸರಿಯಾಗಿ ಎಂಟಕ್ಕೆ ತೆರೆದೆ, ಅಬು ಸಾಮಿಗೆ ಕೈ ಎತ್ತಿದೆ. ಮೊದಲ ದಿನ ನಾಚಿಕೆಯಾಯಿತು, ಮೂರನೆಯ ದಿನ ನಾನೇ ಐದು ನಿಮಿಷ ಮೊದಲು ನಿಂತಿದ್ದೆ. ಆದರೂ ಬಂದ ಕೆಲಸ ಬಿಡುವ ಹಾಗಿರಲಿಲ್ಲ. ಅಶ್ವಿನಿ ದಿನಾ ಮೆಸೇಜ್ ಹಾಕುತ್ತಿದ್ದಳು, "ಹೇಳಿದ್ರಾ ಚಿಕ್ಕಮ್ಮ?"

ಐದನೆಯ ದಿನ ಮಧ್ಯಾಹ್ನದ ನಮಾಜಿನ ಬಾಂಗಿಗೆ ಅಂಗಡಿ ಮುಚ್ಚಿತು. ಭಾವ ಒಬ್ಬರೇ ಅರಬರ ಉದ್ದ ನಿಲುವಂಗಿ, ಒಂದು ತೋಬಿಗೆ ಕಾಲರ್ ಕೂರಿಸುತ್ತಿದ್ದರು. ಮೊಬೈಲಿನಲ್ಲಿ ಟಿಕೆಟ್ ತೆರೆದು ಹೊಲಿಗೆ ಮೆಷಿನಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಇದು ನನ್ನ ಹೆಸರು."

"ಹೌದು. ಬುಧವಾರ ಇಬ್ಬರೂ ಒಟ್ಟಿಗೆ ಹೋಗುದು. ಅಂಗಡಿ ಇಸ್ಮಾಯಿಲಿಗೋ ಯಾರಿಗೋ ವಹಿಸಿ. ಸಾಕು ಭಾವ ಈ ವಯಸ್ಸಿನಲ್ಲಿ ಒಬ್ಬರೇ."

ಭಾವ ಮೊಬೈಲನ್ನು ಮೆಲ್ಲಗೆ ನನ್ನ ಕಡೆ ದೂಡಿದರು. "ಅಲ್ಲಿ ನಾನು ಎರಡೂವರೆ ತಿಂಗಳು ಇದ್ದೆ ಜಯಾ. ಹದಿನಾಲ್ಕನೇ ಮಾಳಿಗೆ. ಬೆಳಿಗ್ಗೆ ಎಂಟಕ್ಕೆ ಅಶ್ವಿನಿ, ಅಳಿಯ, ಮಗು ಎಲ್ಲ ಹೋಗ್ತಾರೆ. ಸಂಜೆ ಆರಕ್ಕೆ ಬರುದು. ನಿನ್ನಕ್ಕ ಇರುವಷ್ಟು ದಿನ ಸರಿ. ಅವಳು ಹೋದ ಮೇಲೆ, ನಾನು ಎದ್ದೆನಾ ಇಲ್ವಾ ಅಂತ ನೋಡುವವರು ಯಾರೂ ಇಲ್ಲ."

"ಹಾಗಂತ ಮಗಳನ್ನು ಬಿಟ್ಟು ಇಲ್ಲಿ ಕೂರುದಾ? ಅವಳ ಸಂಕಟ ನಿಮಗೆ ಬೇಡ್ವಾ?" ನನ್ನ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. "ಅಕ್ಕ ಇಲ್ಲ ಭಾವ. ಆ ಬಸಳೆ ಬಳ್ಳಿ ಅಕ್ಕ ಅಲ್ಲ."

ಅವರು ನೂಲು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು. ಸೂಜಿಯನ್ನು ಅಂಗಿಯ ಎದೆಗೆ ಚುಚ್ಚಿಟ್ಟರು. ಆಮೇಲೆ ಕೇಳಿದರು:

"ನಿನ್ನ ಎದುರು ಮನೆಯಲ್ಲಿ ಯಾರು ಇರುದು?"

"ಯಾರೋ ಒಬ್ಬರು ಇದ್ದಾರೆ. ಹೆಂಗಸು."

"ಹೆಸರು?"

ನನಗೆ ಗೊತ್ತಿರಲಿಲ್ಲ. ಮಂಗಳೂರಿನ ಕದ್ರಿಯ ನನ್ನ ಫ್ಲ್ಯಾಟಿನಲ್ಲಿ ಏಳು ವರ್ಷದಿಂದ ಒಬ್ಬಳೇ ಇದ್ದೇನೆ. ಮೂರನೇ ಮಹಡಿ, ಬಾಗಿಲಿಗೆ ಎದುರು ಬಾಗಿಲು. ಹೆಸರು ಕೇಳಿರಲಿಲ್ಲ.

"ನನ್ನ ಬಗ್ಗೆ ನೀವೆಲ್ಲ ಯೋಚನೆ ಮಾಡುದು. ನಿನ್ನ ಬಗ್ಗೆ ನಾನು ಯೋಚನೆ ಮಾಡುದು" ಎಂದರು ಭಾವ. ಅಷ್ಟು ಹೇಳಿ ಮೆಷಿನ್ ತುಳಿಯಲು ಶುರು ಮಾಡಿದರು. ನಾನು ಮೇಲೆ ಹೋಗಿ ಅತ್ತೆ. ಸಿಟ್ಟಿಗೆ ಎಂದು ಅಂದುಕೊಂಡೆ, ಸಿಟ್ಟಿಗಲ್ಲ.

ಬಸಳೆ ಕೊಯ್ದದ್ದು

ಮರುದಿನ ಶುಕ್ರವಾರ. ಭಾವ ಏಣಿ ಇಟ್ಟು ಬಳ್ಳಿಯ ಬಲಿತ ದಂಟುಗಳನ್ನೆಲ್ಲ ಕೊಯ್ದು ಬುಟ್ಟಿ ತುಂಬಿಸಿ ನನ್ನ ಮುಂದಿಟ್ಟರು. ಹಿಂದಿನ ದಿನದ ಮಾತು ಇಬ್ಬರೂ ಎತ್ತಲಿಲ್ಲ. ನಾನು ತೆಂಗಿನಕಾಯಿ ಅರೆದೆ, ಅವರು ಸಿಗಡಿ ಬಿಡಿಸಿದರು. ಬಸಳೆ ಸಿಗಡಿಯ ಗಸಿ ಕುದಿಯುವಾಗ ಆ ಮಾಳಿಗೆಗೆ ನಮ್ಮ ಅಮ್ಮನ ಅಡುಗೆ ಮನೆಯ ಪರಿಮಳ ಬಂತು.

ಊಟದ ಹೊತ್ತಿಗೆ ಯಜಮಾನರೇ ಬಂದರು. ಎತ್ತರದ ವೃದ್ಧರು, ಕೈಯಲ್ಲಿ ತಮ್ಮದೇ ಬಟ್ಟಲು. ಪ್ರತಿ ಸಲ ಹಾಗೇ ಬರುವುದಂತೆ. ಇಸ್ಮಾಯಿಲ್ ಕತೆ ಹೇಳಿದರು. ಬಳ್ಳಿ ಹಬ್ಬಲು ಶುರುವಾದಾಗ ಯಜಮಾನರಿಗೆ ಸಿಟ್ಟು ಬಂದಿತ್ತು. ಜರ್ಮನಿಯಲ್ಲಿ ಇಂಥ ಬಳ್ಳಿ ಇಲ್ಲ, ಕಿತ್ತು ಹಾಕಿ ಎಂದು ಹೇಳಿ ಕಳಿಸಿದರು. ಅಕ್ಕ ಇಸ್ಮಾಯಿಲರ ಬಾಯಲ್ಲೇ ಉತ್ತರ ಕಳಿಸಿದಳು: "ಜರ್ಮನಿಯಲ್ಲಿ ಇಂಥ ಬಿಸಿಲು ಉಂಟಾ ಅಂತ ಕೇಳಿ. ಅದನ್ನು ಮೊದಲು ತೆಗೀಲಿ, ಮತ್ತೆ ನಾನು ಇದನ್ನು ತೆಗೀತೇನೆ." ಇಸ್ಮಾಯಿಲ್ ಹೆದರುತ್ತಾ ಅದನ್ನು ಅರಬಿಯಲ್ಲಿ ಹೇಳಿದರಂತೆ. ಯಜಮಾನರು ನಕ್ಕು ನಕ್ಕು ಕೆಮ್ಮಿದರಂತೆ.

ಭಾವ ಗಸಿಯನ್ನು ಬಟ್ಟಲುಗಳಿಗೆ ಹಾಕಿ ಮನೆಮನೆಗೆ ಹಂಚಿದರು. ಸಾಕಾಗದಿದ್ದಲ್ಲಿ ಎರಡೆರಡು ಚಮಚ. ಅಬು ಸಾಮಿ ರೊಟ್ಟಿಯಲ್ಲಿ ಅದ್ದಿ ತಿಂದು ಏನೋ ಅಂದರು. ಖೈರುನ್ನಿಸಾ ನನ್ನ ಕಿವಿಯಲ್ಲಿ ಹೇಳಿದಳು: "ಇವತ್ತಿನ ರುಚಿ ಸುಲೋಚನಕ್ಕನದ್ದೇ ಅಂತೆ." ಭಾವನಿಗೂ ಕೇಳಿಸಿತು. ಅವರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಬುಧವಾರ

ಹೊರಡುವ ದಿನ ಎಂಟಕ್ಕೆ ಸ್ವಲ್ಪ ಮೊದಲು ಅಶ್ವಿನಿಗೆ ವೀಡಿಯೋ ಕಾಲ್ ಮಾಡಿದೆ. ಅಲ್ಲಿ ಹತ್ತೂವರೆ, ಅವಳು ಆಫೀಸಿನಲ್ಲಿ. "ಮಾತಾಡ್ಬೇಡ, ನೋಡು ಮಾತ್ರ" ಎಂದು ಮೊಬೈಲನ್ನು ಕಿಟಕಿಯಿಂದ ಹೊರಗೆ ಹಿಡಿದೆ. ಗೋಪುರದ ಗೊಂಬೆ ಹೊರಬಂದು ಗಂಟೆ ಬಾರಿಸಿತು. ಕಿಟಕಿಗಳು ತೆರೆದವು. ಅಬು ಸಾಮಿ ಲೋಟ ಎತ್ತಿದರು. ಎಲ್ಲರೂ ಎಲ್ಲರ ಕಿಟಕಿ ನೋಡಿದರು. ಶಟರ್‌ಗಳು ಎದ್ದವು. ಅದೆಲ್ಲ ಏನೆಂದು, ಅವಳ ಅಮ್ಮನ ಕತೆಯನ್ನೂ ಸೇರಿಸಿ ಹೇಳಿದೆ.

"ಅಪ್ಪ ನನಗೆ ಇದನ್ನು ಹೇಳ್ಲೇ ಇಲ್ಲ ಚಿಕ್ಕಮ್ಮ" ಎಂದಳು. ಅಳುತ್ತಿದ್ದಳು.

"ನಾವೂ ಕೇಳಲಿಲ್ಲ ಮಗಾ" ಎಂದೆ.

"ಹಾಗಾದ್ರೆ ಅಪ್ಪ ಬರುದಿಲ್ವಾ?"

ಭಾವ ಹತ್ತಿರ ಬಂದು ಮೊಬೈಲಿಗೆ ಮುಖ ಕೊಟ್ಟರು. "ಮೇ ತಿಂಗಳಲ್ಲಿ ಬರ್ತೇನೆ, ಮಗುವಿಗೆ ರಜೆ ಇರುವಾಗ. ಮಗುವಿನ ಅಳತೆ ತೆಗೆದು ಕಳ್ಸು. ಸೂಜಿಗೆ ನೂಲು ಹಾಕ್ಲಿಕ್ಕೆ ಕಣ್ಣು ಕಾಣದಾದ ದಿನ ಅಂಗಡಿ ಬಿಟ್ಟು ಪೂರ್ತಿ ಬರ್ತೇನೆ. ನಿನ್ನ ಮೇಲೆ ಸಿಟ್ಟಿಲ್ಲ ಮಗಾ."

ಅವಳು ಮೂಗೊರೆಸಿಕೊಂಡು ತಲೆಯಾಡಿಸಿದಳು. ಅವಳಿಗೆ ಸಮಾಧಾನವಾಯಿತು ಎಂದು ನಾನು ಹೇಳಲಾರೆ. ಆದರೆ ಅವತ್ತಿನಿಂದ ಅವಳು ದಿನಾ ಹತ್ತೂವರೆಗೆ ಅಪ್ಪನಿಗೆ ಫೋನ್ ಮಾಡುತ್ತಾಳೆ.

ವಿಮಾನ ನಿಲ್ದಾಣದಲ್ಲಿ ಭಾವ ತಮ್ಮ ಅಳತೆ ಪುಸ್ತಕ ತೆಗೆದರು. ಗಿರಾಕಿಗಳ ಎದೆ, ತೋಳು, ಉದ್ದ ಬರೆದಿಡುವ ಪುಸ್ತಕ. ಅದರಲ್ಲಿ ಒಂದು ಹೊಸ ಪುಟ, ತಲೆಯಲ್ಲಿ ನನ್ನ ಹೆಸರು. ಕೆಳಗೆ ಅವರ ಗುಂಡು ಅಕ್ಷರದಲ್ಲಿ: ಕದ್ರಿ, ಮೂರನೇ ಮಾಳಿಗೆ. ಎದುರು ಮನೆ. ಅದರ ಮುಂದೆ ಖಾಲಿ.

"ಹೋಗಿ ಹೆಸರು ಹೇಳು. ತುಂಬಿಸ್ತೇನೆ" ಎಂದರು.

ಅವರ ಕೊರಳಿನ ಟೇಪನ್ನು ನಾನೇ ತೆಗೆದು, ಸುತ್ತಿ, ಜೇಬಿಗೆ ಹಾಕಿದೆ. ಆಮೇಲೆ ತಿರುಗಿ ನೋಡದೆ ಒಳಗೆ ಹೋದೆ. ಪಕ್ಕದ ಸೀಟು ಮಂಗಳೂರಿನವರೆಗೂ ಖಾಲಿ ಇತ್ತು.

ಕದ್ರಿ

ಮನೆಗೆ ಬಂದು ಪೆಟ್ಟಿಗೆ ಇಟ್ಟವಳೇ, ಅಬು ಸಾಮಿ ಕೊಟ್ಟ ಸಿಹಿಯ ಡಬ್ಬಿ ಹಿಡಿದು ಎದುರು ಮನೆಯ ಬೆಲ್ ಒತ್ತಿದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಸಾವಿರಾರು ಮಕ್ಕಳ ಮುಂದೆ ನಿಂತವಳು ಒಂದು ಬಾಗಿಲ ಮುಂದೆ ಸೆರಗು ಸರಿಮಾಡಿಕೊಂಡೆ.

ನನ್ನಷ್ಟೇ ವಯಸ್ಸಿನ ಹೆಂಗಸು ಬಾಗಿಲು ತೆಗೆದರು. ನನ್ನನ್ನು ನೋಡಿ ಬಾಗಿಲಿಗೆ ಒರಗಿ ನಿಂತುಬಿಟ್ಟರು.

"ಟೀಚರ್, ಬಂದದ್ದಾ ನೀವು? ಎಲ್ಲಿಗೆ ಹೋದದ್ದು? ನಿಮ್ಮ ಬಾಗಿಲಲ್ಲಿ ಹಾಲಿನ ಚೀಲ ನೇತಾಡುದು ನಾನು ದಿನಾ ಆರೂವರೆಗೆ ನೋಡುದು. ನೀವು ಅದನ್ನು ಒಳಗೆ ತಕ್ಕೊಂಡ ಮೇಲೆಯೇ ನಾನು ಚರ್ಚಿಗೆ ಹೋಗುದು. ಎರಡು ದಿನ ಚೀಲವೇ ಇಲ್ಲ. ಬೆಲ್ ಮಾಡಿದೆ, ಬಾಗಿಲು ಬಡಿದೆ. ಮತ್ತೆ ಹೆದರಿ ವಾಚ್‌ಮನ್‌ನನ್ನು ಕರ್ಕೊಂಡು ಬಂದೆ. ಅವನು, ಟೀಚರ್ ಫಾರಿನ್ನಿಗೆ ಹೋಗಿದ್ದಾರೆ ಅಂದ. ಒಂದು ಮಾತು ಹೇಳಿ ಹೋಗ್ಬಾರ್ದಾ?"

ಏಳು ವರ್ಷ. ನಾನು ದಿನಾ ಚೀಲ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದೆ, ಆಮೇಲೆ ಇವರು ಚರ್ಚಿಗೆ ಹೊರಡುತ್ತಿದ್ದರು.

"ನಿಮ್ಮ ಹೆಸರು ನನಗೆ ಗೊತ್ತಿಲ್ಲ" ಎಂದೆ. ಅಷ್ಟು ಹೇಳುವಾಗ ಸ್ವರ ಒಡೆಯಿತು.

"ಲಿಡ್ವಿನ್" ಎಂದರು. "ಅಳುದು ಎಂತಕ್ಕೆ? ಒಳಗೆ ಬನ್ನಿ."

ಅವರ ಚಾವಡಿಯಲ್ಲಿ ಕೂತು ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ. ಹೊಲಿಗೆ ಮೆಷಿನ್ ಓಡುವ ಸದ್ದು ಕೇಳಿಸುತ್ತಿತ್ತು.

"ಭಾವ, ಬರ್ಕೊಳ್ಳಿ" ಎಂದೆ.

ಮೆಷಿನ್ ನಿಂತಿತು.